ನಕಲು ಹಲವೆಡೆ, ನಿಗಾ ಒಂದೆಡೆ: ಕಚೇರಿ ಸರ್ವರುಗಳ ಬ್ಯಾಕಪ್ ಪ್ರಶ್ನೆ

ಮಧ್ಯಮ ಗಾತ್ರದ ಕಚೇರಿಗಳಲ್ಲಿ ಸರ್ವರುಗಳು ಒಂದೇ ಸಲಕ್ಕೆ ಬಂದಿರುವುದಿಲ್ಲ. ಟ್ಯಾಲಿಗೆಂದು ಮೊದಲನೆಯದು ಬಂದಿರುತ್ತದೆ. ಎಲ್ಲರ ಫೈಲುಗಳೂ ಒಂದು ಕಡೆ ಇರಲಿ ಎಂದು ಇನ್ನೊಂದು. ಬೆರಳಚ್ಚಿನ ಹಾಜರಾತಿ ಯಂತ್ರ ಕೊಟ್ಟವರು ಅದರ ಜೊತೆಗೇ ಒಂದನ್ನು ಕೂರಿಸಿ ಹೋಗಿರುತ್ತಾರೆ. ಬಿಲ್ಲಿಂಗ್‌ಗೆ ಡೇಟಾಬೇಸ್ ಸರ್ವರ್, ಎಲ್ಲರ ಲಾಗಿನ್ ನೋಡಿಕೊಳ್ಳಲು ಆಕ್ಟಿವ್ ಡೈರೆಕ್ಟರಿ, ಹಳೆಯ ವೆಬ್‌ಸೈಟಿಗೆ ಮೂಲೆಯಲ್ಲೊಂದು ಲಿನಕ್ಸ್ ಯಂತ್ರ. ಒಂದೊಂದನ್ನೂ ಒಂದೊಂದು ವರ್ಷ, ಒಬ್ಬೊಬ್ಬರು ಜೋಡಿಸಿದ್ದು. ಬ್ಯಾಕಪ್ಪೂ ಹಾಗೆಯೇ: ಒಂದಕ್ಕೆ ಯುಎಸ್‌ಬಿ ಹಾರ್ಡ್ ಡಿಸ್ಕ್, ಇನ್ನೊಂದಕ್ಕೆ ರಾತ್ರಿ ಓಡುವ ಸ್ಕ್ರಿಪ್ಟ್, ಮತ್ತೊಂದಕ್ಕೆ ಯಾರದೋ ಹೆಸರಿನ ಗೂಗಲ್ ಡ್ರೈವ್, ಹಾಜರಾತಿ ಯಂತ್ರದ್ದಕ್ಕೆ ಏನೂ ಇಲ್ಲ. ಹುಬ್ಬಳ್ಳಿಯ ಲೆಕ್ಕಪರಿಶೋಧಕರ ಕಚೇರಿಯಲ್ಲಾಗಲಿ ಪೀಣ್ಯದ ಕಾರ್ಖಾನೆಯಲ್ಲಾಗಲಿ ಈ ಚಿತ್ರ ಹೆಚ್ಚು ಬದಲಾಗುವುದಿಲ್ಲ.

ಇವನ್ನೆಲ್ಲ ಒಂದೇ ವ್ಯವಸ್ಥೆಯ ಕೆಳಗೆ ತರಬೇಕು ಎಂಬ ಮಾತು ಹೊಸದಲ್ಲ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ‘ಅಮಾಂಡ’ ಎಂಬ ತಂತ್ರಾಂಶವನ್ನು ತೊಂಬತ್ತರ ದಶಕದ ಆರಂಭದಲ್ಲಿ ಬರೆದದ್ದೇ ಇದಕ್ಕೆ. ಹಲವು ಯಂತ್ರಗಳ ಡಿಸ್ಕನ್ನು ಜಾಲದ ಮೂಲಕ ಒಂದೇ ಟೇಪ್ ಡ್ರೈವಿಗೆ ತುಂಬಲು. ಆದರೆ ಕೇಂದ್ರೀಕರಣ ಎಂದರೆ ಏನನ್ನು ಕೇಂದ್ರಕ್ಕೆ ತರುವುದು ಎಂಬ ಪ್ರಶ್ನೆಯನ್ನು ಕೇಳದೆಯೇ ಬಹಳಷ್ಟು ಕಚೇರಿಗಳು ಒಂದು ದೊಡ್ಡ ಡಬ್ಬಿ ಕೊಂಡು, ಎಲ್ಲವನ್ನೂ ಅದರೊಳಗೆ ಸುರಿದು, ಕೆಲಸ ಮುಗಿಯಿತು ಎನ್ನುತ್ತವೆ. ನನ್ನ ಅಭಿಪ್ರಾಯ ಇದು: ಕೇಂದ್ರಕ್ಕೆ ಬರಬೇಕಾದ್ದು ವೇಳಾಪಟ್ಟಿ, ನಿಗಾ ಮತ್ತು ಹೊಣೆ. ನಕಲುಗಳು ಚದುರಿಯೇ ಇರಬೇಕು. ಅವನ್ನು ಅಳಿಸುವ ಅಧಿಕಾರವಂತೂ ಇನ್ನೂ ಚದುರಿರಬೇಕು. ಕಳೆದ ಹತ್ತು ಹದಿನೈದು ವರ್ಷಗಳ ದೊಡ್ಡ ಅನಾಹುತಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ಈ ಮಾತಿಗೆ ಬೇಕಾದ ಪುರಾವೆ ಅಲ್ಲಿಯೇ ಸಿಗುತ್ತದೆ.

ಗಿಟ್‌ಲ್ಯಾಬ್ ಕಂಪನಿಯ ಪ್ರಕರಣವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಅವರು ಏನನ್ನೂ ಮುಚ್ಚಿಡದೆ ಎಲ್ಲವನ್ನೂ ಬರೆದು ಪ್ರಕಟಿಸಿದರು. 2017ರ ಜನವರಿ 31ರ ರಾತ್ರಿ. ಡೇಟಾಬೇಸಿನ ಎರಡನೆಯ ಪ್ರತಿ ಮುಖ್ಯ ಪ್ರತಿಯ ಜೊತೆ ಹೆಜ್ಜೆ ಹಾಕಲಾಗದೆ ಹಿಂದೆ ಬಿದ್ದಿತ್ತು. ಅದನ್ನು ಸರಿಪಡಿಸಲು ಗಂಟೆಗಟ್ಟಲೆ ಹೆಣಗುತ್ತಿದ್ದ ಎಂಜಿನಿಯರ್ ಎರಡನೆಯ ಸರ್ವರಿನ ಡೇಟಾ ಡೈರೆಕ್ಟರಿಯನ್ನು ಅಳಿಸಿ ಹೊಸದಾಗಿ ಆರಂಭಿಸಲು ಹೊರಟರು. ಆದೇಶ ಟೈಪಿಸಿದ್ದು ಮುಖ್ಯ ಸರ್ವರಿನ ಪರದೆಯಲ್ಲಿ. ಒಂದೆರಡು ಸೆಕೆಂಡಿನಲ್ಲಿ ತಿಳಿದು ನಿಲ್ಲಿಸಿದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ.

ಅಳಿಸಿಹೋದದ್ದಕ್ಕಿಂತ ಆತಂಕದ ಸಂಗತಿ ಆಮೇಲೆ ಹೊರಬಿತ್ತು. ಬ್ಯಾಕಪ್ಪಿಗೆ ಅವರಲ್ಲಿ ಹಲವು ದಾರಿಗಳಿದ್ದವು. ದಿನಕ್ಕೊಮ್ಮೆ ಡೇಟಾಬೇಸನ್ನು ಡಂಪ್ ಮಾಡಿ ಅಮೆಜಾನಿನ ಕ್ಲೌಡಿಗೆ ಕಳಿಸುವ ಏರ್ಪಾಡಿತ್ತು. ತೆರೆದು ನೋಡಿದರೆ ಅಲ್ಲಿ ಏನೂ ಇರಲಿಲ್ಲ. ಡೇಟಾಬೇಸ್ 9.6ನೇ ಆವೃತ್ತಿಯದು, ಡಂಪ್ ಮಾಡುವ ಉಪಕರಣ 9.2ನೆಯದು, ಎರಡೂ ಹೊಂದದೆ ಪ್ರತಿದಿನ ಸೋಲುತ್ತಿತ್ತು. ಸೋತಾಗ ಇಮೇಲ್ ಬರಬೇಕಿತ್ತು. ಆ ಇಮೇಲುಗಳಿಗೆ ಸರಿಯಾದ ಸಹಿ ಇಲ್ಲವೆಂದು ಮೇಲ್ ಸರ್ವರ್ ಅವನ್ನು ತಿರಸ್ಕರಿಸುತ್ತಿತ್ತು. ಡಿಸ್ಕ್ ಸ್ನ್ಯಾಪ್‌ಶಾಟ್ ಸೌಲಭ್ಯ ಬೇರೆ ಸರ್ವರುಗಳಿಗೆ ಇತ್ತು, ಡೇಟಾಬೇಸ್ ಸರ್ವರಿಗೆ ಹಾಕಿರಲಿಲ್ಲ. ಕೊನೆಗೆ ಉಳಿಸಿದ್ದು, ಬೇರೇನೋ ಪರೀಕ್ಷೆಗೆಂದು ಅದೇ ಎಂಜಿನಿಯರ್ ಸುಮಾರು ಆರು ಗಂಟೆ ಮೊದಲು ಕೈಯಾರೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್. ಅದು ಕುಳಿತಿದ್ದ ಯಂತ್ರದ ಡಿಸ್ಕ್ ನಿಧಾನದ್ದಾದ್ದರಿಂದ ವಾಪಸು ತರಲು ಮರುದಿನವೆಲ್ಲ ಹಿಡಿಯಿತು.

ಇಲ್ಲಿ ತಂತ್ರಜ್ಞಾನದ ಕೊರತೆ ಇರಲಿಲ್ಲ. ಪ್ರತಿದಿನ ಬೆಳಿಗ್ಗೆ ‘ನಿನ್ನೆ ರಾತ್ರಿಯ ನಕಲು ಬಂದಿದೆಯೇ, ಅದರ ಗಾತ್ರ ಎಷ್ಟು’ ಎಂದು ನೋಡುವ ಹೊಣೆ ಯಾರದೂ ಆಗಿರಲಿಲ್ಲ. ಕೇಂದ್ರೀಕರಣದ ಮೊದಲ ಲಾಭ ಇದೇ. ಎಲ್ಲ ಸರ್ವರುಗಳ ಹೆಸರು ಒಂದೇ ಪಟ್ಟಿಯಲ್ಲಿ ಕಂಡಾಗ ಪಟ್ಟಿಯಲ್ಲಿ ಇಲ್ಲದ್ದೂ ಕಾಣುತ್ತದೆ. ಸೋಲಿನ ಸುದ್ದಿ ಬರಲಿ ಎಂದು ಕಾಯುವುದಕ್ಕಿಂತ ಗೆಲುವಿನ ಸುದ್ದಿ ಬರದಿದ್ದಾಗ ಎಚ್ಚರಿಸುವ ಏರ್ಪಾಡು ಬೇಕು. ಅಂದರೆ, ಬೆಳಿಗ್ಗೆ ಒಂಬತ್ತರೊಳಗೆ ‘ಆಯಿತು’ ಎಂಬ ಸಂದೇಶ ಬರದ ಸರ್ವರಿನ ಹೆಸರು ತಾನಾಗಿ ಕೆಂಪಾಗಬೇಕು. ನಿನ್ನೆ 40 ಜಿಬಿ ಇದ್ದ ನಕಲು ಇಂದು 2 ಜಿಬಿ ಆಗಿದ್ದರೆ ಅದೂ ಕೆಂಪಾಗಬೇಕು.

ಈ ಕೆಲಸಕ್ಕೆ ಇಂದು ಉಪಕರಣಗಳಿಗೇನೂ ಬರವಿಲ್ಲ. ಅಮಾಂಡದ ನಂತರ ಬಂದ ‘ಬ್ಯಾಕ್ಯುಲಾ’ ಮತ್ತು ಅದರಿಂದ ಕವಲೊಡೆದ ‘ಬರಿಯೋಸ್’ ದೊಡ್ಡ ಸಂಸ್ಥೆಗಳಿಗೆ, ಟೇಪ್ ಬಳಸುವವರಿಗೆ ಈಗಲೂ ಒಗ್ಗುತ್ತವೆ. ಕಲಿಯಲು ಸಮಯ ಬೇಡುತ್ತವೆ. ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮ್ಯಾಕರಸ್ 1996ರಲ್ಲಿ ಬಿಡುಗಡೆ ಮಾಡಿದ ‘ಆರ್‌ಸಿಂಕ್’ ಬದಲಾದ ಭಾಗವನ್ನಷ್ಟೇ ಸಾಗಿಸುವ ಚಾತುರ್ಯ ತೋರಿಸಿತು; ಅದನ್ನು ಬಳಸಿಕೊಂಡು ‘ಆರ್‌ಸ್ನ್ಯಾಪ್‌ಶಾಟ್’, ‘ಬ್ಯಾಕಪ್‌ಪಿಸಿ’ಯಂಥವು ಬೆಳೆದವು. ‘ಬೋರ್ಗ್’ ಮತ್ತು ‘ರೆಸ್ಟಿಕ್’ ಫೈಲನ್ನು ತುಂಡುಗಳಾಗಿ ಕತ್ತರಿಸಿ, ಒಂದೇ ಬಗೆಯ ತುಂಡನ್ನು ಒಮ್ಮೆ ಮಾತ್ರ ಇಟ್ಟುಕೊಂಡು, ಹೊರಡುವ ಮುನ್ನವೇ ಗೂಢಲಿಪಿಗೆ ತಿರುಗಿಸುತ್ತವೆ. ವರ್ಚುವಲ್ ಯಂತ್ರಗಳನ್ನೇ ಹೆಚ್ಚು ಬಳಸುವ ಕಚೇರಿಗಳಿಗೆ ‘ವೀಮ್’, ಅದಕ್ಕೆ ಹಣ ಹಾಕಲಾಗದವರಿಗೆ 2020ರಲ್ಲಿ ಬಂದ ‘ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್’. ಸಣ್ಣ ಕಚೇರಿಗೆ ಇವುಗಳಲ್ಲಿ ಯಾವುದಾದರೂ ಆದೀತು. ಉಪಕರಣದ ಆಯ್ಕೆಗಿಂತ ಮೊದಲು ತೀರ್ಮಾನ ಆಗಬೇಕಾದದ್ದು ಬೇರೊಂದಿದೆ.

ನಕಲನ್ನು ಯಾರು ಸಾಗಿಸುತ್ತಾರೆ? ಒಂದು ಪದ್ಧತಿಯಲ್ಲಿ ಬ್ಯಾಕಪ್ ಸರ್ವರೇ ಪ್ರತಿ ಸರ್ವರಿನೊಳಗೆ ಹೋಗಿ ಎಳೆದು ತರುತ್ತದೆ. ಇನ್ನೊಂದರಲ್ಲಿ ಆಯಾ ಸರ್ವರ್ ತನ್ನದನ್ನು ತಾನು ತಂದು ಒಪ್ಪಿಸುತ್ತದೆ. ಎಳೆಯುವ ಪದ್ಧತಿಯಲ್ಲಿ ವೇಳಾಪಟ್ಟಿ ಒಂದೇ ಕಡೆ ಇರುತ್ತದೆ. ಹಣಕಾಸಿನ ಸರ್ವರಿಗೆ ಹ್ಯಾಕರ್ ನುಗ್ಗಿದರೂ ಅಲ್ಲಿಂದ ಬ್ಯಾಕಪ್ ಸರ್ವರಿಗೆ ದಾರಿ ಇರುವುದಿಲ್ಲ. ಆದರೆ ಬ್ಯಾಕಪ್ ಸರ್ವರಿನ ಬಳಿ ಎಲ್ಲರ ಮನೆಯ ಕೀಲಿಕೈಯೂ ಇರುತ್ತದೆ. ಅದೊಂದು ಕೈತಪ್ಪಿದರೆ ಇಡೀ ಕಚೇರಿ ಕೈತಪ್ಪಿದಂತೆ. ಒಪ್ಪಿಸುವ ಪದ್ಧತಿಯಲ್ಲಿ ಈ ಭಯವಿಲ್ಲ. ಅಲ್ಲಿರುವ ಭಯ, ಸೋಂಕು ತಗುಲಿದ ಸರ್ವರ್ ತನ್ನ ಹಳೆಯ ನಕಲುಗಳನ್ನು ತಾನೇ ಅಳಿಸಿಬಿಡುವುದು. ಅದಕ್ಕೆ ಪರಿಹಾರವಿದೆ. ಬೋರ್ಗ್ ಮತ್ತು ರೆಸ್ಟಿಕ್ ಎರಡರಲ್ಲೂ ‘ಸೇರಿಸಬಹುದು, ಅಳಿಸುವಂತಿಲ್ಲ’ ಎಂಬ ಷರತ್ತಿನ ಮೇಲೆ ಪ್ರವೇಶ ಕೊಡಬಹುದು. ಹಳೆಯದನ್ನು ತೆಗೆಯುವ ಕೆಲಸ ಬೇರೊಂದು ಖಾತೆಯಿಂದ, ಬೇರೊಬ್ಬರ ಕೈಯಿಂದ. ಐದಾರು ಸರ್ವರಿನ ಕಚೇರಿಗೆ ನಾನು ಈ ಎರಡನೆಯ ಪದ್ಧತಿಯನ್ನೇ ಸೂಚಿಸುತ್ತೇನೆ, ಜೊತೆಗೆ ಒಂದು ಕಟ್ಟುನಿಟ್ಟು: ಬ್ಯಾಕಪ್ ಸರ್ವರನ್ನು ಕಚೇರಿಯ ಆಕ್ಟಿವ್ ಡೈರೆಕ್ಟರಿಗೆ ಸೇರಿಸಲೇಬಾರದು. ಸೇರಿಸಿದರೆ ಡೊಮೇನ್ ಅಡ್ಮಿನ್ ಪಾಸ್‌ವರ್ಡ್ ಕದ್ದವನಿಗೆ ಮೂಲವೂ ನಕಲೂ ಒಟ್ಟಿಗೆ ಸಿಗುತ್ತವೆ.

ಇದು ಬರಿಯ ಊಹೆಯಲ್ಲ. ಪ್ರೋಗ್ರಾಮರುಗಳ ಕೋಡ್ ಇಟ್ಟುಕೊಳ್ಳುವ ಸೇವೆ ನಡೆಸುತ್ತಿದ್ದ ‘ಕೋಡ್ ಸ್ಪೇಸಸ್’ ಎಂಬ ಕಂಪನಿ 2014ರ ಜೂನ್‌ನಲ್ಲಿ ಕೆಲವೇ ಗಂಟೆಗಳಲ್ಲಿ ಇಲ್ಲವಾಯಿತು. ಹಣಕ್ಕೆ ಬೆದರಿಸಿದವನು ಅವರ ಅಮೆಜಾನ್ ಕ್ಲೌಡಿನ ನಿಯಂತ್ರಣ ಫಲಕದೊಳಗೆ ಹೊಕ್ಕಿದ್ದ. ಕಂಪನಿಯವರು ಅವನನ್ನು ಹೊರಹಾಕಲು ನೋಡಿದಾಗ ಸರ್ವರ್, ಸ್ನ್ಯಾಪ್‌ಶಾಟ್, ಬ್ಯಾಕಪ್ ಎಂದು ಸಿಕ್ಕಿದ್ದನ್ನೆಲ್ಲ ಅಳಿಸುತ್ತ ಹೋದ. ಎಲ್ಲವೂ ಒಂದೇ ಫಲಕದ ಕೆಳಗಿತ್ತು. ಕಂಪನಿ ಬಾಗಿಲು ಹಾಕಿತು.

ಕ್ಯೋಟೊ ವಿಶ್ವವಿದ್ಯಾಲಯದ್ದು ಇನ್ನೂ ನೋವಿನ ಕಥೆ, ಏಕೆಂದರೆ ಅಲ್ಲಿ ಶತ್ರುವೇ ಇರಲಿಲ್ಲ. 2021ರ ಡಿಸೆಂಬರ್‌ನಲ್ಲಿ ಅಲ್ಲಿನ ಸೂಪರ್‌ಕಂಪ್ಯೂಟರಿನ ಸಂಗ್ರಹದಿಂದ ಸುಮಾರು 77 ಟಿಬಿ, ಮೂರು ಕೋಟಿಗೂ ಹೆಚ್ಚು ಫೈಲುಗಳು ಅಳಿಸಿಹೋದವು. ಅಳಿಸಿದ್ದು ಬ್ಯಾಕಪ್ ಸ್ಕ್ರಿಪ್ಟ್. ಹಳೆಯ ಲಾಗ್ ಫೈಲುಗಳನ್ನು ತೆಗೆಯುವ ಭಾಗ ಅದರಲ್ಲಿತ್ತು. ಸ್ಕ್ರಿಪ್ಟ್ ಓಡುತ್ತಿರುವಾಗಲೇ ಅದರ ಹೊಸ ಆವೃತ್ತಿಯನ್ನು ಅದೇ ಫೈಲಿನ ಮೇಲೆ ಬರೆಯಲಾಯಿತು. ಶೆಲ್ ಸ್ಕ್ರಿಪ್ಟನ್ನು ಯಂತ್ರ ಓದುತ್ತ ಓದುತ್ತ ನಡೆಸುವುದರಿಂದ, ಅರ್ಧ ದಾರಿಯಲ್ಲಿ ಹೊಸ ಸಾಲುಗಳು ಎದುರಾಗಿ, ಡೈರೆಕ್ಟರಿಯ ಹೆಸರು ಇರಬೇಕಾದ ಜಾಗ ಖಾಲಿಯಾಯಿತು. ಲಾಗ್ ಅಳಿಸಬೇಕಿದ್ದ ಆದೇಶ ಸಂಶೋಧಕರ ಫೈಲುಗಳ ಮೇಲೆ ನಡೆಯಿತು. ಸ್ಕ್ರಿಪ್ಟ್ ಒದಗಿಸಿದ ಎಚ್‌ಪಿಇ ಕಂಪನಿ ಪೂರ್ಣ ಹೊಣೆ ಒಪ್ಪಿಕೊಂಡಿತು. ಕೆಲವು ತಂಡಗಳ ದತ್ತಾಂಶ ಮರಳಿ ಬರಲಿಲ್ಲ. ಬ್ಯಾಕಪ್ ಮಾಡುವ ಖಾತೆಗೆ ಮೂಲವನ್ನು ಓದುವ ಅಧಿಕಾರವಷ್ಟೇ ಸಾಕು. ಅಳಿಸುವ ಅಧಿಕಾರ ಅದಕ್ಕೆ ಯಾಕೆ ಇರಬೇಕು?

ಇನ್ನು ಲೆಕ್ಕದ ಮಾತು. ಕಚೇರಿಯ ಒಟ್ಟು ದತ್ತಾಂಶ 4 ಟಿಬಿ ಎಂದುಕೊಳ್ಳಿ. ಗಿಗಾಬಿಟ್ ಜಾಲದಲ್ಲಿ ಸೆಕೆಂಡಿಗೆ 110 ಎಂಬಿಯಂತೆ ಸಾಗಿದರೂ ಮೊದಲ ಪೂರ್ಣ ನಕಲಿಗೆ ಹತ್ತು ಗಂಟೆ ಬೇಕು. ಹಳೆಯ 100 ಎಂಬಿಪಿಎಸ್ ಸ್ವಿಚ್ ನಡುವೆ ಎಲ್ಲಾದರೂ ಉಳಿದಿದ್ದರೆ ನಾಲ್ಕು ದಿನಕ್ಕೂ ಹೆಚ್ಚು. ಮೂಲೆಯ ರ್‍ಯಾಕಿನಲ್ಲಿ ಕುಳಿತ ಆ ಒಂದು ಸ್ವಿಚ್ಚೇ ಎಷ್ಟೋ ಕಡೆ ಇಡೀ ಯೋಜನೆಯನ್ನು ಕೆಡಿಸುತ್ತದೆ. ಮೊದಲ ಸಲ ಕಳೆದ ಮೇಲೆ ದಿನದ ಬದಲಾವಣೆ ಮಾತ್ರ ಸಾಗುವುದರಿಂದ ಹೊರೆ ಇಳಿಯುತ್ತದೆ. ಎಲ್ಲ ಸರ್ವರುಗಳನ್ನೂ ರಾತ್ರಿ ಹನ್ನೆರಡಕ್ಕೇ ಹಚ್ಚದೆ, ಒಂದರ ಹಿಂದೆ ಒಂದು ಬಿಡಬೇಕು. ಕರೆಂಟು ಹೋಗುವ ವೇಳೆ ಗೊತ್ತಿರುವ ಊರಿನಲ್ಲಿ ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ ಎಂಬುದೂ ಈ ಲೆಕ್ಕಕ್ಕೆ ಸೇರಬೇಕು.

ಡೇಟಾಬೇಸನ್ನು ಉಳಿದ ಫೈಲುಗಳಂತೆ ನಕಲು ಮಾಡಬಾರದು. ಬರೆಯುತ್ತಿರುವಾಗಲೇ ನಕಲು ಮಾಡಿದರೆ ಅರ್ಧ ಹಳೆಯದು, ಅರ್ಧ ಹೊಸದು ಸೇರಿದ ಫೈಲು ಸಿಗುತ್ತದೆ. ನೋಡಲು ಸರಿ ಇರುತ್ತದೆ, ತೆರೆಯುವಾಗ ಕೈಕೊಡುತ್ತದೆ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್‌ಗಳಿಗೆ ಅವುಗಳದೇ ಡಂಪ್ ಉಪಕರಣ ಇದೆ. ವಿಂಡೋಸಿನಲ್ಲಿ ಶ್ಯಾಡೋ ಕಾಪಿ ಸೇವೆ ಆ ಕ್ಷಣದ ಸ್ಥಿತಿಯನ್ನು ಹಿಡಿದಿಟ್ಟು ಕೊಡುತ್ತದೆ. ಟ್ಯಾಲಿಯ ಡೇಟಾ ಫೋಲ್ಡರನ್ನು ಎಲ್ಲರೂ ಹೊರಬಂದ ಮೇಲೆ ನಕಲು ಮಾಡುವುದು ಕ್ಷೇಮ. ಸಂಜೆ ಕಂಪ್ಯೂಟರನ್ನು ಹಾಗೆಯೇ ಬಿಟ್ಟು ಮನೆಗೆ ಹೋಗುವ ಅಭ್ಯಾಸ ಇರುವ ಕಡೆ ಇದನ್ನು ನೋಡಿಕೊಳ್ಳಬೇಕಾದವರು ಅಕೌಂಟ್ಸ್ ವಿಭಾಗದವರೇ.

‘ನಮ್ಮಲ್ಲಿ ಹಲವು ಡಿಸ್ಕು ಜೋಡಿಸಿದ ರೇಡ್ ಇದೆ, ಎರಡು ಸರ್ವರ್ ಒಂದನ್ನೊಂದು ಪ್ರತಿಫಲಿಸುತ್ತವೆ, ಮತ್ತೇಕೆ ಬ್ಯಾಕಪ್’ ಎಂದು ಕೇಳುವವರಿಗೆ ಮೇರ್ಸ್ಕ್ ಹಡಗು ಕಂಪನಿಯ ಅನುಭವ ಹೇಳಬೇಕು. 2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ಸೈಬರ್ ದಾಳಿ ಆದಾಗ ಅವರ ಲಾಗಿನ್ ವ್ಯವಸ್ಥೆ ಜಗತ್ತಿನಾದ್ಯಂತ ಸುಮಾರು 150 ಡೊಮೇನ್ ಕಂಟ್ರೋಲರುಗಳಲ್ಲಿ ಹರಡಿತ್ತು. ಒಂದು ಹೋದರೆ ಉಳಿದವು ಇರುತ್ತವಲ್ಲ ಎಂಬ ನಂಬಿಕೆ. ದಾಳಿ ಎಲ್ಲವನ್ನೂ ಒಟ್ಟಿಗೆ ಅಳಿಸಿತು, ಒಂದನ್ನು ಬಿಟ್ಟು. ಘಾನಾದ ಕಚೇರಿಯಲ್ಲಿ ದಾಳಿಗೆ ಮುಂಚೆಯೇ ಕರೆಂಟು ಹೋಗಿ ಆ ಯಂತ್ರ ಜಾಲದಿಂದ ಹೊರಗುಳಿದಿತ್ತು. ಅದರಲ್ಲಿದ್ದ ಪ್ರತಿಯನ್ನು ಬ್ರಿಟನ್ನಿಗೆ ಕೊಂಡೊಯ್ದು ಉಳಿದದ್ದನ್ನು ಕಟ್ಟಬೇಕಾಯಿತು. ಪ್ರತಿಫಲನ ಒಳ್ಳೆಯದನ್ನೂ ಕೆಟ್ಟದ್ದನ್ನೂ ಅಷ್ಟೇ ನಿಷ್ಠೆಯಿಂದ ಸಾಗಿಸುತ್ತದೆ. ನಮ್ಮ ಕಚೇರಿಗಳಲ್ಲಿ ಆಕ್ಟಿವ್ ಡೈರೆಕ್ಟರಿಯ ನಕಲು ಇಡುವವರು ಈಗಲೂ ವಿರಳ. ಅದರ ಗಾತ್ರ ಚಿಕ್ಕದು, ಅದಿಲ್ಲದೆ ಬೇರಾವುದೂ ಏಳುವುದಿಲ್ಲ.

ನಕಲು ಎಷ್ಟು, ಎಲ್ಲಿ ಎಂಬುದಕ್ಕೆ ಛಾಯಾಗ್ರಾಹಕ ಪೀಟರ್ ಕ್ರೋ ತಮ್ಮ ಪುಸ್ತಕದಲ್ಲಿ ಕೊಟ್ಟ 3-2-1 ಸೂತ್ರ ಎಲ್ಲರಿಗೂ ಗೊತ್ತು: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ. ಅದರ ಕೊನೆಯ ಅಂಕಿಯನ್ನು ಬಿಟ್ಟವರಿಗೆ ಏನಾಯಿತು ಎಂಬುದು 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಕಂಡಿತು. ಓವಿಎಚ್ ಕಂಪನಿಯ ಡೇಟಾ ಸೆಂಟರ್ ಕಟ್ಟಡ ಸುಟ್ಟುಹೋಯಿತು. ಬ್ಯಾಕಪ್ಪಿಗೆ ಹಣ ಕಟ್ಟಿದ್ದ ಕೆಲವು ಗ್ರಾಹಕರ ನಕಲುಗಳೂ ಅದೇ ಆವರಣದಲ್ಲಿದ್ದವು. ದಕ್ಷಿಣ ಕೊರಿಯಾದ ಡೇಜಿಯಾನ್‌ನಲ್ಲಿ 2025ರ ಸೆಪ್ಟೆಂಬರ್ 26ರಂದು ಸರ್ಕಾರಿ ಡೇಟಾ ಸೆಂಟರಿನ ಬ್ಯಾಟರಿಗಳಿಂದ ಹೊತ್ತಿದ ಬೆಂಕಿಯಲ್ಲಿ ಸರ್ಕಾರಿ ನೌಕರರ ಕೆಲಸದ ಕಡತಗಳಿದ್ದ ‘ಜಿ-ಡ್ರೈವ್’ ನಾಶವಾಯಿತು. 858 ಟಿಬಿ. ಅಷ್ಟು ದೊಡ್ಡದಕ್ಕೆ ಹೊರಗೆ ನಕಲು ಇಡುವುದು ಕಷ್ಟ ಎಂದು ಇಟ್ಟಿರಲಿಲ್ಲ. ಕಡತಗಳು ಒಂದೆಡೆ ಸೇರಲಿ ಎಂದು ಕಟ್ಟಿದ ವ್ಯವಸ್ಥೆ ಅದು. ಸೇರಿದ್ದೆಲ್ಲ ಒಟ್ಟಿಗೆ ಹೋಯಿತು.

ದೆಹಲಿಯ ಏಮ್ಸ್ ಇದಕ್ಕೆ ಎದುರಿನ ಸಾಕ್ಷಿ. 2022ರ ನವೆಂಬರ್ 23ರಂದು ಅಲ್ಲಿನ ಐದು ಸರ್ವರುಗಳಿಗೆ ರ್‍ಯಾನ್ಸಮ್‌ವೇರ್ ತಗುಲಿ ಸುಮಾರು 1.3 ಟಿಬಿ ದತ್ತಾಂಶ ಗೂಢಲಿಪಿಗೆ ತಿರುಗಿತು. ದಿನಗಟ್ಟಲೆ ಹೊರರೋಗಿಗಳ ನೋಂದಣಿ ಕೈಬರಹದಲ್ಲಿ ನಡೆಯಿತು. ಸೋಂಕು ತಲುಪದ ಒಂದು ಬ್ಯಾಕಪ್ ಸರ್ವರಿನಿಂದ ಇ-ಹಾಸ್ಪಿಟಲ್ ದತ್ತಾಂಶವನ್ನು ಮರಳಿ ಪಡೆಯಲಾಯಿತು ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಆ ಒಂದು ಯಂತ್ರ ಸೋಂಕಿನ ದಾರಿಯಿಂದ ಹೊರಗಿದ್ದುದೇ ಮುಖ್ಯವಾಯಿತು.

ಜಿಲ್ಲಾ ಕೇಂದ್ರದ ಕಚೇರಿಗೆ ಹೊರಗಿನ ನಕಲು ಹೇಗೆ? ಇಂಟರ್ನೆಟ್ ಮೂಲಕ ದಿನದ ಬದಲಾವಣೆಯನ್ನು ಕ್ಲೌಡಿಗೆ ಕಳಿಸಬಹುದು, ಗೊತ್ತುಪಡಿಸಿದ ದಿನದವರೆಗೆ ಯಾರೂ ಅಳಿಸಲಾಗದಂತೆ ಬೀಗ ಹಾಕುವ ಸೌಲಭ್ಯ ಅಲ್ಲಿ ಸಿಗುತ್ತದೆ. ಅಪ್‌ಲೋಡ್ ವೇಗ ಸಾಲದಿದ್ದರೆ ಎರಡು ಹಾರ್ಡ್ ಡಿಸ್ಕ್ ಕೊಂಡು ವಾರಕ್ಕೊಂದನ್ನು ಬ್ಯಾಂಕ್ ಲಾಕರಿಗೋ ಇನ್ನೊಂದು ಶಾಖೆಗೋ ಸಾಗಿಸುವುದು ಹಳೆಯ ಪದ್ಧತಿ, ನಾಚಿಕೊಳ್ಳಬೇಕಾದ್ದೇನಿಲ್ಲ. ಪ್ಲಗ್ ಕಿತ್ತ ಡಿಸ್ಕಿಗೆ ವೈರಸ್ ತಲುಪುವುದಿಲ್ಲ. ಕಂಪನಿ ಕಾಯ್ದೆಯಡಿ ಬರುವ ಸಂಸ್ಥೆಗಳು ಇನ್ನೊಂದನ್ನು ಗಮನಿಸಬೇಕು: ವಿದ್ಯುನ್ಮಾನ ಲೆಕ್ಕಪತ್ರಗಳ ಬ್ಯಾಕಪ್ಪನ್ನು ಭಾರತದೊಳಗಿನ ಸರ್ವರಿನಲ್ಲಿ ‘ಆಗಾಗ’ ಇಡಬೇಕು ಎಂದಿದ್ದ ನಿಯಮ 2022ರ ಆಗಸ್ಟ್ ತಿದ್ದುಪಡಿಯಿಂದ ‘ಪ್ರತಿದಿನ’ ಎಂದಾಗಿದೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಇಡಬೇಕು, ಸೈಬರ್ ಘಟನೆಯನ್ನು ಆರು ಗಂಟೆಯೊಳಗೆ ವರದಿ ಮಾಡಬೇಕು. ಆ ಲಾಗ್‌ಗಳು ದಾಳಿಗೊಳಗಾದ ಸರ್ವರಿನಲ್ಲಷ್ಟೇ ಇದ್ದರೆ ವರದಿ ಮಾಡಲು ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಎಷ್ಟು ದಿನದ ನಕಲು ಇಡಬೇಕು ಎಂಬುದು ಕಚೇರಿಯ ಕೆಲಸ ನೋಡಿ ತೀರ್ಮಾನಿಸುವ ವಿಷಯ. ದಿನದ್ದು ಎರಡು ವಾರ, ವಾರದ್ದು ಎರಡು ತಿಂಗಳು, ತಿಂಗಳದ್ದು ಒಂದು ವರ್ಷ, ಮಾರ್ಚ್ 31ರದ್ದು ಲೆಕ್ಕಪತ್ರ ಇಡಬೇಕಾದ ಎಂಟು ವರ್ಷವೂ ಇರಲಿ ಎಂಬ ಹಂಚಿಕೆ ಹೆಚ್ಚಿನ ಕಡೆ ಸರಿಹೊಂದುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಪರೀಕ್ಷೆ ಬಾಕಿ ಇರುತ್ತದೆ, ಮತ್ತು ನಮ್ಮಲ್ಲಿ ಅತಿ ಹೆಚ್ಚು ಉಪೇಕ್ಷೆಗೆ ಒಳಗಾದದ್ದು ಅದೇ. ಮೂರು ತಿಂಗಳಿಗೊಮ್ಮೆ ಒಂದು ಶನಿವಾರ ಹಳೆಯ ಡೆಸ್ಕ್‌ಟಾಪ್ ಒಂದನ್ನು ಜಾಲದಿಂದ ಬೇರ್ಪಡಿಸಿ ಕೂರಿಸಿ, ನಕಲಿನಿಂದ ಅಕೌಂಟ್ಸ್ ಸರ್ವರನ್ನು ಅದರ ಮೇಲೆ ಎಬ್ಬಿಸಬೇಕು. ಎದ್ದಿತು ಎಂದು ಹೇಳಬೇಕಾದವರು ಸಿಸ್ಟಮ್ ನೋಡಿಕೊಳ್ಳುವವರಲ್ಲ, ಅಕೌಂಟೆಂಟ್. ಅವರು ಬಂದು ಕಳೆದ ಮಾರ್ಚ್ 31ರ ಟ್ರಯಲ್ ಬ್ಯಾಲೆನ್ಸ್ ತೆಗೆದು, ಫೈಲಿನಲ್ಲಿರುವ ಮುದ್ರಿತ ಪ್ರತಿಯ ಜೊತೆ ಅಂಕಿ ಅಂಕಿ ತಾಳೆ ನೋಡಬೇಕು. ಆಗ ಹೊರಬರುವ ಸಂಗತಿಗಳು ಯಾವ ಡ್ಯಾಶ್‌ಬೋರ್ಡಿನಲ್ಲೂ ಕಾಣುವುದಿಲ್ಲ. ಡೇಟಾ ಇದೆ, ಟ್ಯಾಲಿಯ ಲೈಸೆನ್ಸ್ ವಿವರ ಯಾರ ಬಳಿಯೂ ಇಲ್ಲ. ಡೇಟಾಬೇಸ್ ಬಂದಿದೆ, ಬಿಲ್ಲಿಂಗ್ ತಂತ್ರಾಂಶದ ಸೆಟಪ್ ಸಿಡಿ ಕೊಟ್ಟ ಕಂಪನಿಯೇ ಈಗಿಲ್ಲ. ಕನ್ನಡದಲ್ಲಿ ಕೆಲಸ ಮಾಡುವ ಕಚೇರಿಗಳಲ್ಲಿ ಇನ್ನೂ ಒಂದು ತೊಡಕು ಇದೆ: ಹಿಂದಿನ ವರ್ಷಗಳ ನಡಾವಳಿ, ನೋಟಿಸುಗಳೆಲ್ಲ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪಾದವು, ಯೂನಿಕೋಡ್ ಅಲ್ಲ. ಹೊಸ ಯಂತ್ರದಲ್ಲಿ ಆ ಫಾಂಟ್ ಇಲ್ಲದಿದ್ದರೆ ಫೈಲು ತೆರೆಯುತ್ತದೆ, ಪರದೆ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ನಕಲಿನ ಜೊತೆಗೆ ಫಾಂಟು, ಲೈಸೆನ್ಸು, ಸೆಟಪ್ ಫೈಲುಗಳೂ ಒಂದು ಫೋಲ್ಡರಿನಲ್ಲಿ ಹೋಗಬೇಕು ಎಂಬುದು ಇಂಥ ಶನಿವಾರಗಳಲ್ಲಷ್ಟೇ ಹೊಳೆಯುವ ಮಾತು. ಎಬ್ಬಿಸಲು ಹಿಡಿದ ಸಮಯವನ್ನು ಬರೆದಿಟ್ಟರೆ, ‘ಸರ್ವರ್ ಹೋದರೆ ಎಷ್ಟು ಹೊತ್ತಿಗೆ ಬರುತ್ತದೆ’ ಎಂಬ ಆಡಳಿತ ಮಂಡಳಿಯ ಪ್ರಶ್ನೆಗೆ ಮೊದಲ ಸಲ ನಿಜವಾದ ಉತ್ತರ ಸಿಗುತ್ತದೆ.

ಗೂಢಲಿಪಿಯ ಪಾಸ್‌ವರ್ಡಿನ ಬಗ್ಗೆಯೂ ಇದೇ ದಿನ ನೋಡಬೇಕು. ಅದು ಕಳೆದರೆ ನಕಲು ಇದ್ದೂ ಇಲ್ಲ. ಬೋರ್ಗ್ ಬರೆದವರಿಂದಲೂ ಅದನ್ನು ತೆರೆಯಲಾಗದು. ಆ ಪಾಸ್‌ವರ್ಡ್ ಬರೆದಿಟ್ಟ ಪಟ್ಟಿ, ನಕಲು ತೆಗೆಯುವ ಅದೇ ಫೈಲ್ ಸರ್ವರಿನಲ್ಲಿ ಇರುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ. ಕಾಗದದ ಮೇಲೆ ಬರೆದು, ಮೊಹರು ಮಾಡಿದ ಲಕೋಟೆಯಲ್ಲಿ, ಎರಡು ಬೇರೆ ಜಾಗಗಳಲ್ಲಿ ಇಡುವುದು ಸರಿಯಾದ ದಾರಿ. ಯಾವ ಸರ್ವರನ್ನು ಮೊದಲು ಎಬ್ಬಿಸಬೇಕು, ಯಾವ ಕ್ರಮದಲ್ಲಿ, ಯಾರಿಗೆ ಫೋನ್ ಮಾಡಬೇಕು ಎಂಬ ಒಂದು ಪುಟದ ಸೂಚನೆಯೂ ಆ ಲಕೋಟೆಯಲ್ಲಿರಲಿ.

ಕೊನೆಗೆ ಇದೆಲ್ಲ ಯಾರ ಕೆಲಸ ಎಂಬುದು ಕಚೇರಿ ಆದೇಶದಲ್ಲಿ ಹೆಸರು ಸಮೇತ ಬರಬೇಕು. ಒಬ್ಬರು ಬೆಳಗಿನ ವರದಿ ನೋಡುವವರು, ಇನ್ನೊಬ್ಬರು ಹಳೆಯ ನಕಲು ಅಳಿಸುವ ಅಧಿಕಾರ ಉಳ್ಳವರು, ಇಬ್ಬರೂ ಒಬ್ಬರೇ ಆಗಿರಬಾರದು. ಮೊದಲನೆಯವರು ರಜೆ ಹಾಕಿದ ದಿನ ಆ ವರದಿ ಯಾರ ಕಣ್ಣಿಗೆ ಬೀಳಬೇಕು ಎಂಬುದನ್ನೂ ಅದೇ ಆದೇಶದಲ್ಲಿ ಬರೆಯಬೇಕು.